ಚಂದ್ರಕಾಂತ ಶಿಲೆ, ಮೂನ್‌ಸ್ಟೋನ್ ಎರಡೂ ಒಂದೇನಾ?

ಗೆಳೆಯರೇ,

ಹರಳುಗಳ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ಮೂನ್‌ಸ್ಟೋನ್ ಬಂದಲ್ಲೆಲ್ಲ ‘ಚಂದ್ರಕಾಂತ’ ಅಂತ ಹಾಕಿದ್ದಾರೆ. ಕಿವಿಗೇನೋ ಹಿತವಾಗಿದೆ. ಆದರೆ ಎರಡೂ ಒಂದೇ ಕಲ್ಲು ಅನ್ನೋದರಲ್ಲೇ ನನಗೆ ಅನುಮಾನ.

ಹಳೆಯ ಕಾವ್ಯಗಳ ಚಂದ್ರಕಾಂತ, ಬೆಳದಿಂಗಳು ಬಿದ್ದರೆ ನೀರು ಒಸರುವ ಕಲ್ಲು. ಸುಶ್ರುತಸಂಹಿತೆಯಂತೂ ಆ ನೀರಿನ ಗುಣವನ್ನೇ ಹೇಳುತ್ತದೆ: ತಂಪು, ಜ್ವರ ಮತ್ತು ಉರಿ ಇಳಿಸುತ್ತದೆ, ಪಿತ್ತಕ್ಕೆ ಒಳ್ಳೆಯದು. ಈಗಿನ ಮೂನ್‌ಸ್ಟೋನನ್ನು ಹುಣ್ಣಿಮೆಯಿಡೀ ಹೊರಗಿಟ್ಟರೂ ಅದು ಒಂದು ಹನಿ ಬಿಡುವುದಿಲ್ಲ. ಅದು ಫೆಲ್ಡ್‌ಸ್ಪಾರ್ ಜಾತಿಯ ಖನಿಜ. ಬಿಸಿ ಜಾಸ್ತಿ ಇದ್ದಾಗ ಪೊಟ್ಯಾಸಿಯಂ, ಸೋಡಿಯಂ ಎರಡೂ ಒಂದೇ ಹರಳಿನಲ್ಲಿ ಬೆರೆತಿರುತ್ತವೆ. ನಿಧಾನವಾಗಿ ಆರುತ್ತಾ ಬಂದ ಹಾಗೆ ಹೊಂದಿಕೆ ತಪ್ಪಿ, ತೆಳು ತೆಳು ಪದರಗಳಾಗಿ ಬೇರೆಯಾಗುತ್ತವೆ. ಬೆಳಕು ಈ ಪದರಗಳಲ್ಲಿ ಚದುರಿ ಹೊರಬರುತ್ತದೆ. ಪದರ ತೀರಾ ತೆಳುವಾಗಿದ್ದರೆ ನೀಲಿ ಛಾಯೆ, ದಪ್ಪವಾದರೆ ಹಾಲಿನ ಬಿಳುಪು.

ಇದನ್ನು ಧರಿಸಿದರೆ ನಿದ್ದೆ ಬರುತ್ತದೆ, ಸಿಟ್ಟು ಇಳಿಯುತ್ತದೆ, ಮುಟ್ಟಿನ ತೊಂದರೆ ಸರಿಹೋಗುತ್ತದೆ ಅಂತೆಲ್ಲ ಹೇಳುತ್ತಾರೆ. ಚಂದ್ರ ಅಂದರೆ ತಂಪು ಅನ್ನೋ ಹಳೇ ನಂಟೇ ಇಲ್ಲೂ ಕೆಲಸ ಮಾಡಿದೆ ಅಂತ ನನ್ನ ಊಹೆ. ವೈದ್ಯಕೀಯ ಆಧಾರ ಇಲ್ಲದ್ದರಿಂದ ಬರಹದ ‘ಗುಣಪಡಿಸುತ್ತದೆ’ಯನ್ನು ‘ಗುಣಪಡಿಸುತ್ತದೆಂದು ನಂಬುತ್ತಾರೆ’ ಅಂತ ಮಾಡಿದ್ದೇನೆ.

‘ಚಂದ್ರಶಿಲೆ’ ಅನ್ನೋಣ ಅಂದರೆ, 1969ರಲ್ಲಿ ಅಪೊಲೊ 11ರವರು ತಂದ ಕಲ್ಲು ನೆನಪಾಗುತ್ತದೆ, ಅಲ್ವಾ? (ಸುಮ್ನೆ ಒಂದು ಮಾತು: ಚಂದ್ರಯಾನದ ನೆನಪಿಗೆ ಫ್ಲೋರಿಡಾ 1970ರಲ್ಲಿ ಮೂನ್‌ಸ್ಟೋನನ್ನು ತನ್ನ ರಾಜ್ಯದ ರತ್ನ ಮಾಡಿಕೊಂಡಿತು. ಅದು ಚಂದ್ರನಲ್ಲೂ ಸಿಗುವುದಿಲ್ಲ, ಫ್ಲೋರಿಡಾದಲ್ಲೂ ಇಲ್ಲ!) ಹಾಗಾಗಿ ಕಾವ್ಯದ ಕಲ್ಲಿಗೆ ‘ಚಂದ್ರಕಾಂತ’ವನ್ನು ಬಿಟ್ಟು, ಇದನ್ನು ‘ಮೂನ್‌ಸ್ಟೋನ್’ ಅಂತಲೇ ಉಳಿಸುವುದು ನನಗೆ ಸರಿ ಕಾಣುತ್ತದೆ. ಬೇರೆ ಅಭಿಪ್ರಾಯ ಇದ್ದರೆ ಹೇಳಿ.

ಇನ್ನೊಂದು ಪದ ಬೇಕಿದೆ. ಗುಮ್ಮಟದ ಹಾಗೆ ಉಜ್ಜಿದ ಮೂನ್‌ಸ್ಟೋನನ್ನು ಸ್ವಲ್ಪ ಓರೆ ಮಾಡಿದರೆ, ಒಳಗಿನ ಬೆಳಕು ಮೈಯಡಿಯಲ್ಲೇ ಜಾರಿದಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅಡುಲರೆಸೆನ್ಸ್ ಅನ್ನುತ್ತಾರೆ. ‘ಹೊಳಪು’ ಅಂದರೆ ಮೇಲ್ಮೈಯದಾಗುತ್ತದೆ. ‘ಮಿನುಗು’ ಅಂದರೆ ಬಿಟ್ಟುಬಿಟ್ಟು ಹೊಳೆದಂತೆ. ‘ತೇಲುಬೆಳಕು’ ಆದೀತೇ? ಆಡುಮಾತಿನಲ್ಲಿ ಇದಕ್ಕೆ ಹತ್ತಿರದ ಪದ ಯಾರಿಗಾದರೂ ಗೊತ್ತೇ?