1898ರ ಬೆಂಗಳೂರಿನ ಕಥೆ ಆರನೇ ಪುಟದಲ್ಲಿ ನಿಂತಿದೆ: ನೀವು ಹೇಗೆ ಬರೆದಿರಿ, ಹೇಗೆ ತಿದ್ದಿದಿರಿ?

ಕೇಳಿದವರು:

ಎಲ್ಲರಿಗೂ ನಮಸ್ಕಾರ. 1898ರ ಪ್ಲೇಗಿನ ಕಾಲದ ಬೆಂಗಳೂರಿನ ಮೇಲೆ ಒಂದು ಕಥೆ ಬರೆಯುತ್ತಿದ್ದೇನೆ. ಪೇಟೆಯೊಳಗೆ ಒಂದು ನೇಕಾರರ ಮನೆ. ಆ ಮನೆಯ ಸೊಸೆಯೇ ಮುಖ್ಯ ಪಾತ್ರ. ಎಂಟು ತಿಂಗಳಿಂದ ಓದುತ್ತಿದ್ದೇನೆ, ಎರಡು ನೋಟ್‌ಬುಕ್ ತುಂಬಿವೆ. ಕಥೆ ಮಾತ್ರ ಆರನೇ ಪುಟ ದಾಟುತ್ತಿಲ್ಲ. ಬರೆದಷ್ಟನ್ನು ಗಟ್ಟಿಯಾಗಿ ಓದಿದರೆ ಶಾಲೆಯ ಪಾಠ ಓದಿದ ಹಾಗಿದೆ. ಇಂಥ ಕಥೆ ಬರೆದವರು ದಯವಿಟ್ಟು ಹೇಳಿ. ಶುರು ಮಾಡುವ ಮುಂಚೆ ಎಷ್ಟು ಯೋಜನೆ ಹಾಕಿಕೊಳ್ಳುತ್ತೀರಿ? ಮೊದಲ ಕರಡು ಮುಗಿದ ಮೇಲೆ ಏನನ್ನು ನೋಡಿ ತಿದ್ದುತ್ತೀರಿ?

ಬಸವನಗುಡಿಯಿಂದ ಒಬ್ಬರು:

ಮೇಡಂ, ನಾನೂ ಅದೇ ಪ್ಲೇಗಿನ ಕಥೆ ಬರೆದವನು. ಈಗ ನಾನು ಕೂತಿರುವ ಈ ಬಡಾವಣೆ, ಆ ಕಡೆ ಮಲ್ಲೇಶ್ವರ, ಎರಡಕ್ಕೂ ಜನ ಬಂದು ತುಂಬಿಕೊಂಡದ್ದು ಆ ರೋಗದ ನಂತರವೇ ಅಲ್ವಾ. ಅದಕ್ಕೇ ಆ ವಿಷಯ ನನ್ನನ್ನು ಬಿಡಲಿಲ್ಲ.

ನನ್ನ ಮೊದಲ ಕರಡಿನಲ್ಲಿ ಎಲ್ಲವೂ ಇತ್ತು. ಪೇಟೆ ಮೈಸೂರು ಸರ್ಕಾರದ್ದು, ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷರದ್ದು. ಮಹಾರಾಜರು ಇನ್ನೂ ಚಿಕ್ಕವರು, ಅವರ ಪರವಾಗಿ ಮಹಾರಾಣಿಯವರ ಆಡಳಿತ. ದಿವಾನರು ಶೇಷಾದ್ರಿ ಅಯ್ಯರ್. ಇದೆಲ್ಲ ಒಂದೂವರೆ ಪುಟ. ಒಂದು ತಪ್ಪೂ ಇರಲಿಲ್ಲ. ಆದರೆ ಅಕ್ಕಿಪೇಟೆಯಲ್ಲಿ ಮೂಟೆ ಹೊರುವ ನನ್ನ ಪಾತ್ರಕ್ಕೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ.

ಆಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಎಡಕ್ಕೆ ‘ಊರಲ್ಲಿ ನಡೆದದ್ದು’. ಬಲಕ್ಕೆ ‘ಅವನ ಕಿವಿಗೆ ಬಿದ್ದದ್ದು’. ಎಡಗಡೆ ಬರೆದದ್ದು: ಆಗಸ್ಟ್‌ನಲ್ಲಿ ಮೊದಲ ರೋಗಿ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದ ಸೋಂಕು. ಬಲಗಡೆ: ‘ಸ್ಟೇಷನ್ ಹತ್ತಿರ ಯಾರೋ ಸತ್ತರಂತೆ. ಮೂರು ದಿನ ಆದಮೇಲೆ ಕೇಳಿದ್ದು. ಹೇಳಿದವನು ಜಟಕಾದವನು.’ ಹೀಗೆ ಇಪ್ಪತ್ತು ದಿನಕ್ಕೆ ಮಾತ್ರ ಬರೆದೆ. ಇಡೀ ವರ್ಷವನ್ನು ಹಿಡಿಯಲು ಹೋಗಲಿಲ್ಲ. ಮುಗಿದ ಮೇಲೆ ಬಲಗಡೆಯದನ್ನಷ್ಟೇ ಮೇಲಿಂದ ಕೆಳಗೆ ಓದಿದೆ. ಕಥೆ ಅಲ್ಲೇ ಇತ್ತು.

ತಿದ್ದುವಾಗ ಸಿಕ್ಕ ಒಂದು ತಪ್ಪನ್ನು ಹೇಳಲೇಬೇಕು. ನನ್ನ ಕಥೆಯ ಪಂಡಿತರು ‘ಇಲಿಯ ಮೈಮೇಲಿನ ಚಿಗಟ ಕಚ್ಚಿದರೆ ಈ ಬೇನೆ ಬರುತ್ತೆ’ ಅಂತ ಹೇಳುತ್ತಿದ್ದರು. ಚಿಗಟದ ವಿಷಯವನ್ನು ಪಾಲ್ ಲೂಯಿ ಸೀಮೋಂ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡದ್ದೇ 1898ರಲ್ಲಿ, ಕರಾಚಿಯಲ್ಲಿ. ಉಳಿದ ವೈದ್ಯರು ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಅದೇ ವರ್ಷ ಪೇಟೆಯ ಪಂಡಿತರಿಗೆ ಹೇಗೆ ಗೊತ್ತಾಗಬೇಕು? ಆ ಮಾತನ್ನು ಕಿತ್ತುಹಾಕಿದೆ. ಈಗ ಪಂಡಿತರು ಧಾನ್ಯ ತುಂಬಿಡುವ ಹಗೇವಿನ ಪಕ್ಕ ಸತ್ತು ಬಿದ್ದ ಇಲಿಯನ್ನು ನೋಡುತ್ತಾರೆ. ಮೊರದಲ್ಲಿ ಎತ್ತಿ ಹೊರಗೆ ಹಾಕಿ ಅನ್ನುತ್ತಾರೆ. ಮೊರ ಹತ್ತಿರ ಬಂದಾಗ ತಾವೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಕಾರಣ ಹೇಳುವುದಿಲ್ಲ, ಅವರಿಗೇ ಗೊತ್ತಿಲ್ಲ. ಓದಿದವರು ನನ್ನ ಹತ್ತಿರ ಮಾತಾಡಿದ್ದೆಲ್ಲ ಆ ಜಾಗದ ಬಗ್ಗೆಯೇ. ಆವತ್ತಿನಿಂದ ತಿದ್ದಲು ಕೂತಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದು ಆ ಮನುಷ್ಯನಿಗೆ ಗೊತ್ತಾ, ಇಲ್ಲ ನನಗೆ ಮಾತ್ರ ಗೊತ್ತಾ?

ನಿಮ್ಮದು ನೇಕಾರರ ಮನೆ ಅಂದಿರಿ. ಗುಂಡಿ ಮಗ್ಗ ನೋಡಿದ್ದೀರಾ? ನೇಯುವವರು ಕಾಲು ಇಳಿಬಿಟ್ಟು ಕೂರಲು ನೆಲವನ್ನೇ ಅಗೆದಿರುತ್ತಾರೆ. ಪ್ಲೇಗಿನಲ್ಲಿ ಜನ ಮನೆ ಬಿಟ್ಟು ಊರ ಹೊರಗಿನ ಶೆಡ್‌ಗಳಿಗೆ ಹೋದರು. ಪಾತ್ರೆ ಪಡಗ ಹೊರಬಹುದು, ಮಗುವನ್ನು ಎತ್ತಿಕೊಳ್ಳಬಹುದು. ಹಾಸು, ಅಂದರೆ ಉದ್ದದ ನೂಲು, ಹೂಡಿ ಅರ್ಧ ನೇಯ್ದ ಮಗ್ಗವನ್ನು ಏನು ಮಾಡುತ್ತಾಳೆ? ಆ ಸೀರೆ ಯಾರದ್ದು, ಮುಂಗಡ ಎಷ್ಟು ತಗೊಂಡಿದ್ದಾರೆ, ಇನ್ನೆಷ್ಟು ಮೊಳ ಬಾಕಿ ಇದೆ? ಇಷ್ಟಕ್ಕೆ ಉತ್ತರ ಬರೆದುಕೊಳ್ಳಿ. ನನ್ನ ಮಟ್ಟಿಗೆ ಯೋಜನೆ ಅಂದರೆ ಅಷ್ಟೇ.

ಮಲ್ಲೇಶ್ವರದಿಂದ ಒಬ್ಬರು:

ಮೇಲೆ ಬರೆದ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನಗೆ ಯೋಜನೆ ಅಷ್ಟು ಕಡಿಮೆ ಆದರೆ ಆಗಲ್ಲ. ಕೊನೆಯ ದೃಶ್ಯ ಕಣ್ಣಿಗೆ ಕಟ್ಟುವ ತನಕ ಮೊದಲ ಸಾಲು ಬರೆಯುವುದಿಲ್ಲ. ಕೊನೆ ಗೊತ್ತಿದ್ದರೆ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಅನ್ನುವುದೂ ಗೊತ್ತಾಗುತ್ತೆ. ಇಲ್ಲದಿದ್ದರೆ ಓದಿಗೆ ಕೊನೆಯೇ ಇರಲ್ಲ. ಅಮ್ಮಾ, ನಿನ್ನ ಎಂಟು ತಿಂಗಳೂ ಅಲ್ಲೇ ಹೋಗಿರಬೇಕು. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಏಕವಚನಕ್ಕೆ ಬೇಜಾರಾಗಬೇಡ.

ತಿದ್ದುವುದನ್ನು ನಾನು ಒಂದೇ ಸಲಕ್ಕೆ ಮಾಡುವುದಿಲ್ಲ. ಒಂದು ಸಲ ಬರೀ ಬೆಳಕನ್ನು ನೋಡುತ್ತೇನೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದಕ್ಕೆ ಮುಂಚಿನ ಕಥೆಯಲ್ಲಿ ರಾತ್ರಿ ಯಾರಾದರೂ ಯಾರದಾದರೂ ಮುಖ ನೋಡಿದರೆ, ಯಾವ ದೀಪದಲ್ಲಿ ನೋಡಿದರು ಅಂತ ಕೇಳಿಕೊಳ್ಳುತ್ತೇನೆ. ನನ್ನ ಒಂದು ಕಥೆಯಲ್ಲಿ ದೀಪಾವಳಿ ಅಮಾವಾಸ್ಯೆಯ ರಾತ್ರಿ ಹುಡುಗಿಯೊಬ್ಬಳು ಬೆಳದಿಂಗಳಲ್ಲಿ ಬಾವಿಗೆ ಹೋಗುತ್ತಿದ್ದಳು. ನಾನು ನಾಲ್ಕು ಸಲ ಓದಿದ್ದೆ, ಇಬ್ಬರು ಗೆಳತಿಯರೂ ಓದಿದ್ದರು. ಹಿಡಿದದ್ದು ನಮ್ಮ ಅತ್ತೆ. ‘ಅವತ್ತು ಚಂದ್ರ ಎಲ್ಲಿಂದ ಬಂದ?’ ಅಂದರು. ಈಗ ತಾರೀಖಿನ ಪಕ್ಕ ತಿಥಿಯನ್ನೂ ಬರೆದಿಟ್ಟುಕೊಳ್ಳುತ್ತೇನೆ. ಹಳ್ಳಿ, ಪೇಟೆ ಎಲ್ಲಿಯೇ ಆದರೂ ನಿನ್ನ ಸೊಸೆ ದಿನ ಎಣಿಸುತ್ತಿದ್ದದ್ದು ತಿಥಿಯಲ್ಲೇ.

ಇನ್ನೊಂದು ಸಲ ಬರೀ ಮಾತು. ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಿನ್ನ ಕಥೆಗೆ ನಾಲ್ಕೇ ವರ್ಷ ಮುಂಚೆ! ಅನುಮಾನ ಬಂದ ಪದವನ್ನು ಅದರಲ್ಲಿ ಹುಡುಕು. ಆದರೆ ಅದರಲ್ಲಿ ಇದ್ದ ಮಾತ್ರಕ್ಕೆ ಆ ಹೆಂಗಸಿನ ಬಾಯಲ್ಲಿ ಬರುತ್ತೆ ಅಂತಲ್ಲ. ಅವಳು ‘ಸಾಂಕ್ರಾಮಿಕ ರೋಗ’ ಅನ್ನುವುದಿಲ್ಲ. ಬೇನೆ ಅಂತಾಳೆ, ಜಾಡ್ಯ ಅಂತಾಳೆ, ಮಾರಿ ಅಂತಾಳೆ. ನಮ್ಮೂರಲ್ಲಿ ಪ್ಲೇಗಮ್ಮನ ಗುಡಿಗಳು ಸುಮ್ನೆ ಹುಟ್ಟಿಕೊಂಡಿಲ್ಲ. ‘ಐದು ನಿಮಿಷ’ ಅಂತಲೂ ಅನ್ನುವುದಿಲ್ಲ. ಗೋಡೆ ಗಡಿಯಾರ ಇಲ್ಲದ ಮನೆಯಲ್ಲಿ ‘ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು’ ಅಂತ ಬರೆದರೆ ಸಾಕು.

ಮೂರನೇ ಸಲ ಜಾಗ. ಕಾಯಿಲೆಯವರನ್ನು ವಿಕ್ಟೋರಿಯಾ ಆಸ್ಪತ್ರೆಗೆ ಕಳಿಸಿಬಿಡಬೇಡ. ಅದು ಶುರುವಾದದ್ದು 1900ರಲ್ಲಿ. ಕೆ.ಆರ್. ಮಾರ್ಕೆಟ್ ಕಟ್ಟಡವೂ ಆಗ ಇರಲಿಲ್ಲ, ಆ ಜಾಗ ಸಿದ್ದಿಕಟ್ಟೆ. ಅವೆನ್ಯೂ ರಸ್ತೆ ಅವಳ ಬಾಯಲ್ಲಿ ದೊಡ್ಡಪೇಟೆಯೇ.

ವಿಜಯನಗರದಿಂದ ಒಬ್ಬರು:

ನನ್ನದು ಚಿಕ್ಕ ಅನುಭವ. ಗೊತ್ತಿಲ್ಲದ ಜಾಗ ಬಂದಾಗ ಬರೆಯುವುದನ್ನು ನಿಲ್ಲಿಸಬೇಡಿ. ಅಲ್ಲೊಂದು ಚೌಕ ಹಾಕಿ ಮುಂದೆ ಹೋಗಿ. ನಾನು ಹಾಗೆ ಬರೆದ ಮೊದಲ ಕರಡಿನಲ್ಲಿ ಮೂವತ್ತೊಂದು ಚೌಕ ಇತ್ತು. ತಿದ್ದುವಾಗ ನೋಡಿದರೆ ಹತ್ತೊಂಬತ್ತಕ್ಕೆ ಉತ್ತರವೇ ಬೇಡವಾಗಿತ್ತು, ಆ ದೃಶ್ಯಗಳೇ ಹೋಗಿದ್ದವು. ಉಳಿದ ಹನ್ನೆರಡನ್ನು ಹಿಡಿದುಕೊಂಡು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯಕ್ಕೆ ಹೋದೆ. ಮೈಸೂರು ಸಂಸ್ಥಾನದ ಕಡತಗಳು ಬೇಕಾದರೆ ರಾಜ್ಯ ಪತ್ರಾಗಾರ ಇದೆ. ಪ್ರಶ್ನೆ ಕೈಯಲ್ಲಿ ಹಿಡಿದು ಹೋದರೆ ಅಲ್ಲಿರುವವರೂ ಮನಸ್ಸಿಟ್ಟು ಹುಡುಕಿಕೊಡುತ್ತಾರೆ. ‘ಪ್ಲೇಗ್ ಬಗ್ಗೆ ಏನಿದೆ’ ಅಂತ ಹೋದರೆ ರಾಶಿ ಬರುತ್ತೆ, ದಿನ ಹೋಗುತ್ತೆ.

ಇನ್ನೊಂದು ಮಾತು. ತೆಗೆದ ಪುಟಗಳನ್ನು ಹರಿದು ಹಾಕಬೇಡಿ. ಬೇರೆ ಫೈಲಿನಲ್ಲಿ ಇಡಿ. ಇಟ್ಟಿದ್ದೇನೆ ಅನ್ನುವ ಧೈರ್ಯ ಇದ್ದರೆ ತೆಗೆಯೋಕೆ ಕೈ ಬರುತ್ತೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್, ಏಕವಚನದಲ್ಲೇ ಕರೆಯಿರಿ, ನನಗೆ ಖುಷಿಯೇ.

ನಿನ್ನೆ ರಾತ್ರಿ ಹಾಳೆಗೆ ಗೆರೆ ಎಳೆದು ಕೂತೆ. ಎಡಗಡೆ ತುಂಬಿ ಹಿಂದಿನ ಪುಟಕ್ಕೂ ಹೋಯಿತು. ಬಲಗಡೆ ಬಂದದ್ದು ಏಳೇ ಸಾಲು. ಆರು ಪುಟದಲ್ಲಿ ನಾಲ್ಕನ್ನು ಬೇರೆ ಫೈಲಿಗೆ ಹಾಕಿದೆ. ಉಳಿದದ್ದರಲ್ಲಿ ಅವಳು ಮಗ್ಗದ ಗುಂಡಿಯ ಅಂಚಿನಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಾಳೆ. ಸೀರೆ ಮುಗಿಯಲು ಇನ್ನು ಐದು ಮೊಳ ಬಾಕಿ. ಮೂಲೆಯಲ್ಲಿ ಏನೋ ಬಿದ್ದ ಸದ್ದಾಗುತ್ತೆ, ಅವಳು ತಿರುಗಿ ನೋಡುವುದಿಲ್ಲ. ಅಲ್ಲಿಗೆ ಬಂದಿದ್ದೇನೆ.

ಒಂದು ಸಹಾಯ ಬೇಕು. ಗುಂಡಿ ಮಗ್ಗವನ್ನು ನಾನು ಫೋಟೋದಲ್ಲಷ್ಟೇ ನೋಡಿರುವುದು. ಕಬ್ಬನ್‌ಪೇಟೆ ಕಡೆ ಅಥವಾ ಊರಿನ ಸುತ್ತಮುತ್ತ ಎಲ್ಲಾದರೂ ಇನ್ನೂ ಅದರಲ್ಲಿ ನೇಯುತ್ತಿದ್ದಾರಾ? ಅವರು ಒಪ್ಪಿದರೆ ಒಂದು ಹೊತ್ತು ಪಕ್ಕದಲ್ಲಿ ಕೂತು ಸದ್ದು ಕೇಳಿಸಿಕೊಳ್ಳಬೇಕು. ಈ ಭಾನುವಾರವೇ ಬರುತ್ತೇನೆ.