ಅಪ್‌ಡೇಟ್: ಮಗಳ ಹಾಸ್ಟೆಲ್ ಸಾಮಾನು

ವಿಜಯಪುರದಿಂದ ಮಂಗಳೂರಿನ ಹಾಸ್ಟೆಲ್‌ಗೆ ಹೊರಟ ಮಗಳಿಗೆ ಏನೇನು ಕಟ್ಟಿಕೊಡಲಿ ಅಂತ ಕೇಳಿದ್ದೆ. ಆಗಸ್ಟ್‌ನಲ್ಲಿ ಸೇರಿದಳು. ಎಲ್ಲರಿಗೂ ಥ್ಯಾಂಕ್ಸ್.

ಹೆಚ್ಚು ಉಪಯೋಗಕ್ಕೆ ಬಂದದ್ದು ಮಳೆಯ ಸಲಹೆ. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಅಲ್ಲಿ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ! ಜೀನ್ಸ್ ಕಡಿಮೆ ಇರಲಿ ಅಂದವರ ಮಾತು ನಿಜ, ಒಣಗುವುದೇ ಇಲ್ಲ. ತೆಳು ಟವೆಲ್, ನೈಲಾನ್ ಹಗ್ಗ, ಕ್ಲಿಪ್ಪು, ರಬ್ಬರ್ ಚಪ್ಪಲಿ, ಕಪಾಟಿಗೆ ನುಸಿಗುಳಿಗೆ ಎಲ್ಲವೂ ಬೇಕಾದವು. ಚರ್ಮದ ಶೂ ಮನೆಯಲ್ಲೇ ಇದೆ. ಒಯ್ದಿದ್ದರೆ ಬೂಷ್ಟು ಹಿಡಿಯುತ್ತಿತ್ತು.

ನೀರು ಕಾಯಿಸುವ ಕಾಯಿಲ್‌ಗೆ ವಾರ್ಡನ್ ಒಪ್ಪಲಿಲ್ಲ. ಶೇಂಗಾ ಚಟ್ನಿಪುಡಿಗೆ ಯಾರ ತಕರಾರೂ ಇಲ್ಲ. ಕಟಕ ರೊಟ್ಟಿ ಮಾತ್ರ ಗಾಳಿಯಾಡದ ಡಬ್ಬಿಯಲ್ಲೇ ಕಳಿಸಿ, ಆ ಹವೆಗೆ ಬೇಗ ಮೆತ್ತಗಾಗುತ್ತದೆ. ರೂಮ್‌ಮೇಟ್‌ಗಳು ಅಷ್ಟು ದಿನ ಉಳಿಸಿದರೆ ತಾನೇ!

ಬಕೆಟ್, ಹಾಸಿಗೆ ಅಲ್ಲೇ ಕೊಂಡೆವು. ಸುಮ್ನೆ ಬಸ್ಸಲ್ಲಿ ಹೊರುವುದು ಯಾಕೆ, ಅಲ್ವಾ?

ಯಾರೂ ಹೇಳದ ಒಂದು ವಿಷಯ: ರ‍್ಯಾಗಿಂಗ್ ವಿರುದ್ಧದ ಮುಚ್ಚಳಿಕೆ. ಯುಜಿಸಿಯ 2009ರ ನಿಯಮದಂತೆ ಮಕ್ಕಳೂ ಪೋಷಕರೂ ಬೇರೆ ಬೇರೆಯಾಗಿ ಕೊಡಬೇಕು. ಹೊರಡುವ ಮುಂಚೆಯೇ ತಯಾರಿಟ್ಟುಕೊಳ್ಳಿ. ಫೋಟೋ, ಜೆರಾಕ್ಸ್ ಎರಡೂ ಜಾಸ್ತಿ ಇರಲಿ.

ಬೇಸಿಗೆಯ ಸೆಖೆಗೆ ಟೇಬಲ್ ಫ್ಯಾನ್ ಬಿಡುತ್ತಾರಾ ಅಂತ ಇನ್ನು ಕೇಳಬೇಕು.