ಏನನ್ನೂ ಬಿಡಿಸಿ ಹೇಳದ ‘ಅಂಡರ್ ದ ಸ್ಕಿನ್’ ಯಾಕೆ ಇಷ್ಟು ಹಿಡಿದಿಡುತ್ತದೆ?

ಕುವೆಂಪುನಗರದ ಹುಡುಗ:
ಜೊನಾಥನ್ ಗ್ಲೇಜರ್ ಅವರ 2013ರ ಈ ಸಿನಿಮಾನ ನಿನ್ನೆ ರೂಮಲ್ಲಿ ಹಾಕಿದ್ದೆವು. ಗೆಳೆಯರು ಬೇಜಾರಾಗಿ ಅರ್ಧಕ್ಕೇ ಎದ್ದು ಟೀ ಕುಡಿಯಲು ಹೋದರು. ನಟಿ ಸ್ಕಾರ್ಲೆಟ್ ಜೊಹಾನ್ಸನ್ ವ್ಯಾನ್ ಓಡಿಸಿಕೊಂಡು ಸ್ಕಾಟ್ಲೆಂಡಿನ ಗ್ಲಾಸ್ಗೋ ಬೀದಿಗಳಲ್ಲಿ ಒಂಟಿ ಗಂಡಸರನ್ನು ಮಾತಾಡಿಸುತ್ತಾಳೆ, ಹತ್ತಿಸಿಕೊಳ್ಳುತ್ತಾಳೆ, ಅವಳ ಹಿಂದೆ ಹೋದವರು ಕಪ್ಪು ನೆಲದೊಳಗೆ ಮುಳುಗಿಹೋಗುತ್ತಾರೆ. ಅವಳು ಯಾರು, ಆ ಬೈಕಿನವನು ಯಾರು, ಒಂದಕ್ಕೂ ಉತ್ತರ ಇಲ್ಲ. ಆದರೂ ನನಗೆ ಬಿಟ್ಟು ಏಳಲು ಆಗಲಿಲ್ಲ. ಇದರಲ್ಲಿ ಅಂಥದ್ದೇನಿದೆ?

ಒಂಟಿಕೊಪ್ಪಲು ಓದುಗ:
ಈ ಸಿನಿಮಾಕ್ಕೆ ಮೂಲವಾದ ಮಿಶೆಲ್ ಫೇಬರ್ ಅವರ 2000ದ ಕಾದಂಬರಿ ಓದಿ, ಗೊತ್ತಾಗುತ್ತೆ. ಅಲ್ಲಿ ಅನ್ಯಗ್ರಹದವರು ಗಂಡಸರನ್ನು ಹಿಡಿದು ಏನು ಮಾಡುತ್ತಾರೆ ಅಂತ ಪೂರ್ತಿ ಇದೆ. ಕೊಬ್ಬಿಸಿ, ಮಾಂಸ ಮಾಡಿ ತಮ್ಮ ಲೋಕಕ್ಕೆ ಕಳಿಸುತ್ತಾರೆ. ಗ್ಲೇಜರ್ ಅದನ್ನೆಲ್ಲ ಕಿತ್ತುಹಾಕಿ ಬರೀ ಅವಳ ನೋಟ ಉಳಿಸಿಕೊಂಡರು. ಕಾರಣ ತಿಳಿದುಬಿಟ್ಟರೆ ಭಯಕ್ಕೆ ಒಂದು ಅಳತೆ ಸಿಕ್ಕಿಬಿಡುತ್ತದೆ, ಅಲ್ವಾ? ಇಲ್ಲಿ ಅಂಗಡಿ, ಜನಜಂಗುಳಿ, ಮೊಬೈಲಲ್ಲಿ ಮಾತಾಡುತ್ತ ನಡೆಯುವವರು, ಎಲ್ಲವನ್ನೂ ಅವಳ ಪಕ್ಕ ಕೂತೇ ನೋಡುತ್ತೇವೆ, ಮನುಷ್ಯರೇ ವಿಚಿತ್ರ ಪ್ರಾಣಿಗಳ ಹಾಗೆ ಕಾಣಲು ಶುರುವಾಗುತ್ತಾರೆ. ಸಿನಿಮಾ ನೋಡಿದ ಮೇಲೆ ದೇವರಾಜ ಅರಸ್ ರಸ್ತೆಯ ಸಂಜೆ ಗದ್ದಲದಲ್ಲಿ ನನಗೂ ಹಾಗೇ ಅನ್ನಿಸಿತ್ತು.

ಮಂಡ್ಯದಿಂದ:
ಇನ್ನೊಂದು ವಿಷಯ. ವ್ಯಾನ್ ಹತ್ತುವವರಲ್ಲಿ ಹಲವರು ನಟರೇ ಅಲ್ಲ. ವ್ಯಾನಿನೊಳಗೆ ಕ್ಯಾಮೆರಾ ಬಚ್ಚಿಟ್ಟು ಶೂಟ್ ಮಾಡಿ, ಆಮೇಲೆ ವಿಷಯ ಹೇಳಿ ಒಪ್ಪಿಗೆ ಪಡೆದರು. ಕಪ್ಪು ವಿಗ್ ಹಾಕಿದ್ದ ಅವಳ ಗುರುತು ಅವರಿಗೆ ಸಿಗಲಿಲ್ಲ. ಆ ನಾಚಿಕೆ, ತಡವರಿಕೆ ನಿಜವಾದದ್ದು, ಅದಕ್ಕೇ ಹೊಟ್ಟೆಯೊಳಗೆ ಕಸಿವಿಸಿ ಆಗುತ್ತದೆ. ಹೀಗೆ ಗೊತ್ತಿಲ್ಲದವರನ್ನು ಶೂಟ್ ಮಾಡಿದ್ದು ಸರಿಯಾ ಅನ್ನುವುದು ಬೇರೆ ಮಾತು. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ.

ಸರಸ್ವತಿಪುರಂ ಅಕ್ಕ:
ನನಗೆ ಕಪ್ಪು ಕೋಣೆಗಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಸಮುದ್ರದ ದೃಶ್ಯ. ಅಪ್ಪ ಅಮ್ಮ ಅಲೆಯಲ್ಲಿ ಕೊಚ್ಚಿಹೋಗಿದ್ದಾರೆ, ದಡದಲ್ಲಿ ಪುಟ್ಟ ಮಗು ಅಳುತ್ತಿದೆ, ಅವಳು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕ್ಯಾಮೆರಾ ದೂರದಲ್ಲೇ ನಿಂತಿರುತ್ತದೆ. ಅಳು ಬಾ ಅಂತ ಯಾರೂ ನಮ್ಮನ್ನು ಒತ್ತಾಯ ಮಾಡುವುದಿಲ್ಲ. ಹಾಗಾಗಿ ನಾವೇ ಒದ್ದಾಡಬೇಕು. ಆಮೇಲೆ ಅವಳ ವ್ಯಾನ್ ಹತ್ತುವವನಾಗಿ ನಟ ಆಡಂ ಪಿಯರ್ಸನ್ ಬರುತ್ತಾರೆ. ಅವರ ಮುಖದ ಮೇಲಿರುವುದು ಮೇಕಪ್ ಅಲ್ಲ, ಅವರಿಗೆ ನಿಜವಾಗಿಯೂ ಇರುವ ಕಾಯಿಲೆಯ ಗಡ್ಡೆಗಳು. ಅವರನ್ನು ಅವಳು ಬಿಟ್ಟು ಕಳಿಸುತ್ತಾಳೆ, ಅಲ್ಲಿಂದ ಬೇಟೆಗಾರ್ತಿಯೇ ಬೇಟೆಯಾಗುತ್ತಾ ಹೋಗುತ್ತಾಳೆ. ಮಾತೇ ಇಲ್ಲದೆ ಇಷ್ಟು ದೊಡ್ಡ ತಿರುವು!

ಮೈಕಾ ಲೆವಿ ಅವರ ಸಂಗೀತ ಬಿಟ್ಟು ಮಾತಾಡಿದರೆ ತಪ್ಪಾಗುತ್ತದೆ. ಆ ವಯೋಲಾ (ಪಿಟೀಲಿನಂಥದೇ ವಾದ್ಯ) ಕೀರಲು ದನಿ ಚರ್ಮದ ಮೇಲೆ ಹರಿದಾಡುತ್ತದೆ.

ಕುವೆಂಪುನಗರದ ಹುಡುಗ:
ಥ್ಯಾಂಕ್ಸ್ ಅಕ್ಕ. ಸಂಗೀತ ನಮಗೆ ಸರಿಯಾಗಿ ಕೇಳಿಸಲೇ ಇಲ್ಲ, ಲ್ಯಾಪ್‌ಟಾಪ್ ಸ್ಪೀಕರ್, ಮೇಲೆ ಫ್ಯಾನ್ ಸದ್ದು ಬೇರೆ. ಹೆಡ್‌ಫೋನ್ ಹಾಕಿ ಇನ್ನೊಮ್ಮೆ ನೋಡಲಾ?

ಸರಸ್ವತಿಪುರಂ ಅಕ್ಕ:
ಖಂಡಿತ ನೋಡಪ್ಪ. ರಾತ್ರಿ ಒಬ್ಬನೇ ನೋಡು, ಮಧ್ಯೆ ಮೊಬೈಲ್ ಮುಟ್ಟಬೇಡ.